ಮನೆಯ ಕಸವೂ ನಮ್ಮ ಕಾಯಕವೇ

(2021ರ ಶ್ರಾವಣ ಮಾಸದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

‘ಮಹಾಮಾರಿಯ ಕಾಲದಲ್ಲಿ ಕಾಯಕ’ ಎಂಬುದು ಪೂಜ್ಯರು ನನಗೆ ಕೊಟ್ಟ ವಿಷಯ. ಇದರ ಬಗ್ಗೆ ಮಾತನಾಡಿದವರೆಲ್ಲ ವೈದ್ಯರನ್ನು, ದಾದಿಯರನ್ನು, ಪೊಲೀಸರನ್ನು ನೆನೆದಿದ್ದಾರೆ. ಅವರ ಋಣ ದೊಡ್ಡದು. ನಾನು ಮಾತ್ರ ಇಂದು ನನ್ನ ಮನೆಯ ಕಸದ ಬುಟ್ಟಿಯ ವಿಷಯ ಹೇಳಬೇಕೆಂದು ಬಂದಿದ್ದೇನೆ. ಶ್ರಾವಣದಲ್ಲಿ, ಮಠದ ವೇದಿಕೆಯ ಮೇಲೆ ಕಸದ ಮಾತೇ ಎಂದು ಕೆಲವರಿಗೆ ಅನ್ನಿಸಬಹುದು. ಹಾಗೆ ಯಾಕೆ ಅನ್ನಿಸುತ್ತದೆ ಎಂಬುದನ್ನೂ ನಾವು ಯೋಚಿಸಬೇಕಾಗಿದೆ.

ಕಳೆದ ಮೇ ತಿಂಗಳಲ್ಲಿ ನಮ್ಮ ಯಜಮಾನರಿಗೆ ಕೊರೊನಾ ಬಂತು. ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗದ ದಿನಗಳವು. ಉಸಿರಾಟ ಸರಿಯಿದ್ದುದರಿಂದ ಮನೆಯಲ್ಲೇ ಒಂದು ಕೋಣೆಯಲ್ಲಿ ಇರಿಸಿದೆವು. ಓಣಿಯವರಿಗೆ ಗೊತ್ತಾದರೆ ಏನೆಂದಾರೋ ಎಂಬ ಅಂಜಿಕೆ ನನಗೆ. ಅದಕ್ಕೆ ಏನು ಮಾಡಿದೆ ಗೊತ್ತೇ? ಅವರು ಬಳಸಿದ ಮಾಸ್ಕು, ಮೂಗು ಒರೆಸಿದ ಕಾಗದ, ಉಂಡು ಬಿಟ್ಟ ಕಾಗದದ ತಟ್ಟೆ, ಎಲ್ಲವನ್ನೂ ಕಪ್ಪು ಚೀಲಕ್ಕೆ ತುಂಬಿ, ಮೇಲೆ ಕಾಯಿಪಲ್ಯದ ಸಿಪ್ಪೆ ಸುರಿದು, ಗಂಟು ಹಾಕಿ ಬಾಗಿಲಿಗಿಡುತ್ತಿದ್ದೆ. ಯಾರಿಗೂ ಕಾಣಬಾರದು ನೋಡಿ.

ಹೀಗೆ ಐದು ದಿನ ಕಳೆಯಿತು. ಆರನೆಯ ದಿನ ಕಸದ ಗಾಡಿಯ ಜೊತೆ ಬರುವ ತಾಯಿ ಬಾಗಿಲಲ್ಲಿ ನಿಂತು ಕರೆದರು. ಅವರ ಕೈಗವಸಿನ ಎರಡು ಬೆರಳು ಹರಿದಿದ್ದವು. ದೂರದಿಂದಲೇ, ಸಣ್ಣ ದನಿಯಲ್ಲಿ ಅಂದರು: “ಅಕ್ಕಾರ, ಮನ್ಯಾಗ ಯಾರಿಗರ ಆರಾಮಿಲ್ಲೇನ್ರಿ? ಇದನ್ನ ಬ್ಯಾರೆ ಕಟ್ಟಿ ಕೊಡ್ರಿ. ನಾ ಯಾರ ಮುಂದೂ ಹೇಳೂದಿಲ್ಲ. ನಮ್ಮ ಮನ್ಯಾಗೂ ಸಣ್ಣ ಹುಡುಗರು ಅದಾವ್ರಿ.”

ಶರಣರೆ, ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ಕಟ್ಟಿದ ಗಂಟನ್ನು ಅವರು ಐದು ದಿನ ಕೈಯಿಂದ ಬಿಚ್ಚಿ, ಹಸಿ ಒಣ ಬೇರೆ ಮಾಡಿದ್ದರು. ನನ್ನ ಮನೆಯ ಮರ್ಯಾದೆಯನ್ನು ಅವರು ಕಾಪಾಡಿದರು. ಅವರ ಜೀವವನ್ನು ನಾನು ಕಾಪಾಡಲಿಲ್ಲ. ದೇವರು ದೊಡ್ಡವನು, ಅವರಿಗೂ ಅವರ ಮಕ್ಕಳಿಗೂ ಏನೂ ಆಗಲಿಲ್ಲ. ಆಗಿದ್ದರೆ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಕೂರುವ ಧೈರ್ಯ ನನಗೆ ಇರುತ್ತಿತ್ತೇ?

ಆರು ವರ್ಷದಿಂದ ಅವರು ನಮ್ಮ ಬಾಗಿಲಿಗೆ ಬರುತ್ತಿದ್ದರು. ಅವರ ಹೆಸರೇನೆಂದು ನಾನು ಕೇಳಿದ್ದು ಆ ದಿನ.

ಅದೇ ರಾತ್ರಿ ನನಗೆ ನೆನಪಾದವಳು ಶರಣೆ ಸತ್ಯಕ್ಕ. ಶಿವಭಕ್ತರ ಮನೆಯಂಗಳ ಗುಡಿಸುವುದು ಅವಳ ಕಾಯಕ. ಅದೇ ಕಸಬರಿಗೆ ಹಿಡಿದ ಕೈ ವಚನವನ್ನೂ ಬರೆಯಿತು. ಶಂಭುಜಕ್ಕೇಶ್ವರ ಎಂಬ ಅವಳ ಅಂಕಿತವನ್ನು ನಾವು ಗೋಷ್ಠಿಗಳಲ್ಲಿ ಭಕ್ತಿಯಿಂದ ಹೇಳುತ್ತೇವೆ. ಹನ್ನೆರಡನೆಯ ಶತಮಾನದ ಕಸಬರಿಗೆಗೆ ಕೈ ಮುಗಿಯುವ ನಾವು, ಇಂದು ಬೆಳಿಗ್ಗೆ ಓಣಿ ಗುಡಿಸಿದ ಕಸಬರಿಗೆಯನ್ನು ಕಣ್ಣೆತ್ತಿ ನೋಡುವುದಿಲ್ಲ. ನಮ್ಮ ಪೌರಕಾರ್ಮಿಕರಲ್ಲಿ ಹೆಚ್ಚಿನವರು ದಲಿತ ಕುಟುಂಬಗಳಿಂದ ಬಂದವರು. 2020ರ ಮಾರ್ಚ್ 25ರಿಂದ ಇಡೀ ದೇಶ ಬಾಗಿಲು ಹಾಕಿಕೊಂಡಾಗಲೂ ಅವರ ಕೆಲಸ ನಿಲ್ಲಲಿಲ್ಲ. ನಾವು ಅವರಿಗಾಗಿ ಚಪ್ಪಾಳೆ ತಟ್ಟಿದೆವು. ಆದರೆ ಅವರು ನೀರು ಕೇಳಿದರೆ ಎಷ್ಟು ಮನೆಗಳಲ್ಲಿ ನಮ್ಮದೇ ಲೋಟದಲ್ಲಿ ಕೊಟ್ಟೆವು? ‘ಅಂತರ ಕಾಯ್ದುಕೊಳ್ಳಿ’ ಎಂಬ ಮಾತು ರೋಗಕ್ಕೆ ಬೇಕಾಗಿತ್ತು, ನಿಜ. ಆದರೆ ಕೆಲವರ ಬಾಯಲ್ಲಿ ಅದು ಹಳೆಯ ಮಡಿಯೇ ಆಯಿತು. ಹರಳಯ್ಯ ಮಧುವರಸರ ಮಕ್ಕಳ ಮದುವೆಗಾಗಿ ತಲೆ ಕೊಟ್ಟವರ ಪರಂಪರೆ ನಮ್ಮದು ಎಂದು ಹೇಳಿಕೊಳ್ಳುವವರು ಇದನ್ನು ಒಪ್ಪಿಕೊಳ್ಳಲೇಬೇಕು.

ಹಾಗಾದರೆ ನಾನು ಮಾಡಬೇಕಾಗಿದ್ದೇನು? ಹೊಸದಾಗಿ ಏನೂ ಕಂಡುಹಿಡಿಯಬೇಕಿರಲಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಎಂದು ಮೂರಾಗಿ ಬೇರ್ಪಡಿಸಿ ಕೊಡುವುದು ಮನೆಯವರ ಹೊಣೆ ಎಂದಿದ್ದವು. ಕೊರೊನಾ ಬಂದ ಮೇಲೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇನ್ನೂ ಸ್ಪಷ್ಟವಾಗಿ ಹೇಳಿತು. ಮನೆಯಲ್ಲಿ ರೋಗಿ ಇದ್ದರೆ ಅವರು ಬಳಸಿದ ಮಾಸ್ಕು ಮುಂತಾದವನ್ನು ಹಳದಿ ಚೀಲದಲ್ಲಿ ಬೇರೆ ಇಟ್ಟು, ಅದಕ್ಕೆಂದೇ ಬರುತ್ತಿದ್ದ ಸಿಬ್ಬಂದಿಗೆ ಕೊಡಬೇಕಾಗಿತ್ತು. ರೋಗವಿಲ್ಲದ ಮನೆಯ ಮಾಸ್ಕು, ಕೈಗವಸುಗಳನ್ನು ಕಾಗದದ ಚೀಲದಲ್ಲಿ ಕನಿಷ್ಠ 72 ಗಂಟೆ ಇಟ್ಟು, ಮತ್ತೆ ಯಾರೂ ಬಳಸದಂತೆ ಕತ್ತರಿಸಿ ಕೊಡಬೇಕಾಗಿತ್ತು. ಇದಕ್ಕೆ ಖರ್ಚಿಲ್ಲ. ಒಂದು ಕತ್ತರಿ, ಹಳೆಯ ಕಾಗದದ ಚೀಲ, ಮೂರು ದಿನದ ತಾಳ್ಮೆ ಸಾಕು. ಬಟ್ಟೆಯ ಮಾಸ್ಕನ್ನು ಸೋಪಿನಲ್ಲಿ ಒಗೆದು ಬಿಸಿಲಿಗೆ ಹಾಕಿ ಮತ್ತೆ ಬಳಸಿದರೆ ಈ ಕಸವೇ ಹುಟ್ಟುವುದಿಲ್ಲ.

ಇನ್ನು ಉಳಿದ ಕಸದ ಮಾತು. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ನಮ್ಮ ಅಜ್ಜಿ ಉಂಡ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು ಕುಡಿಯುತ್ತಿದ್ದರು. ಒಂದು ಅಗುಳೂ ಮೋರಿಗೆ ಹೋಗುತ್ತಿರಲಿಲ್ಲ. ನಾವು ಆಗ ನಗುತ್ತಿದ್ದೆವು. ಅನ್ನವನ್ನು ಪ್ರಸಾದವೆಂದು ನಂಬಿದ ಮೇಲೆ ಅದು ಕಸವಾಗುವುದು ಹೇಗೆ ಎಂಬ ಪ್ರಶ್ನೆ ಅವರ ಆ ತಟ್ಟೆಯಲ್ಲಿತ್ತು. ನಮ್ಮ ಊರುಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಅಡುಗೆಮನೆಯಿಂದ ಬರುವ ಹಸಿ ಕಸ. ಅದು ಪ್ಲಾಸ್ಟಿಕ್ಕಿನ ಜೊತೆ ಸೇರಿ ಊರಾಚೆ ಗುಡ್ಡೆಯಾದಾಗ ಕೊಳೆತು ನಾರುತ್ತದೆ, ಅದರ ರಸ ಭೂಮಿಗಿಳಿದು ಬಾವಿಯ ನೀರು ಕೆಡುತ್ತದೆ, ಅದರ ಅನಿಲಕ್ಕೆ ಬೆಂಕಿ ಹತ್ತುತ್ತದೆ. ಬೆಂಗಳೂರಿನ ಕಸಕ್ಕಾಗಿ ಮಾವಳ್ಳಿಪುರ, ಮಂಡೂರಿನ ಜನ ಪಟ್ಟ ಪಾಡು ನಮಗೆಲ್ಲ ಗೊತ್ತಿದೆ. ನಮ್ಮ ಕಸ ಯಾವುದೋ ಊರಿನವರ ಅಂಗಳಕ್ಕೆ ಹೋಗಿ ಬೀಳುತ್ತದೆ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ನಿಮಗೆಲ್ಲ ಬಾಯಿಪಾಠ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಆತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಒಳಗೆ ಬಿಟ್ಟುಕೊಳ್ಳಲಿಲ್ಲ. ಬೇಕಾದಷ್ಟು ಇಟ್ಟು ಉಳಿದದ್ದನ್ನು ಅಲ್ಲೇ ಸುರಿದು ಬಾ ಎಂದಳು. ಇದರಲ್ಲಿ ಎರಡು ಪಾಠಗಳಿವೆ. ಬಿದ್ದದ್ದನ್ನು ಆಯ್ದು ಬಳಸುವುದು ಮಾರಯ್ಯನ ಪಾಠ. ಬೇಡದ್ದನ್ನು ಮನೆಗೆ ತಾರದಿರುವುದು ಲಕ್ಕಮ್ಮನ ಪಾಠ. ನಾವು ಮೊದಲನೆಯದನ್ನು ಅಷ್ಟಿಷ್ಟು ಕಲಿಯುತ್ತೇವೆ. ಎರಡನೆಯದು ಕಷ್ಟ. ಮೊದಲ ಲಾಕ್‌ಡೌನ್ ಎಂದಾಗ ನಾನು ಅಂಜಿ 15 ಕೆಜಿ ಗೋಧಿ ಹಿಟ್ಟು ತರಿಸಿದೆ. ಎರಡು ತಿಂಗಳಲ್ಲಿ ಅರ್ಧಕ್ಕೆ ಹುಳ ಬಿತ್ತು. ಅದೇ ಹೊತ್ತಿನಲ್ಲಿ ಜನ ನಡೆದುಕೊಂಡು ಊರಿಗೆ ಹೋಗುತ್ತಿದ್ದುದನ್ನು ಟಿವಿಯಲ್ಲಿ ನೋಡುತ್ತಿದ್ದೆ. ಲಕ್ಕಮ್ಮ ನನ್ನ ಬಾಗಿಲಲ್ಲಿ ನಿಂತಿದ್ದರೆ ಏನೆನ್ನುತ್ತಿದ್ದಳು?

ಜೂನ್ ತಿಂಗಳಿಂದ ನಮ್ಮ ಅಕ್ಕನ ಬಳಗದ ಹನ್ನೊಂದು ಮನೆಯವರು ಹಸಿ ಕಸವನ್ನು ಗೊಬ್ಬರ ಮಾಡುತ್ತಿದ್ದೇವೆ. ತೂತು ಹಾಕಿದ ಹಳೆಯ ಬಕೆಟ್ಟು ಅಥವಾ ಮಣ್ಣಿನ ಗಡಿಗೆ ಸಾಕು. ತಳಕ್ಕೆ ಒಣಗಿದ ಎಲೆ, ಮೇಲೆ ದಿನದ ಸಿಪ್ಪೆ, ಅದರ ಮೇಲೆ ಮತ್ತೆ ಒಣ ಎಲೆ ಅಥವಾ ಹರಿದ ಕಾಗದ, ಒಂದು ಹಿಡಿ ಮಣ್ಣು, ವಾರಕ್ಕೊಮ್ಮೆ ಸ್ವಲ್ಪ ಹುಳಿ ಮಜ್ಜಿಗೆ. ವಾರಕ್ಕೆರಡು ಸಲ ಕೋಲಿನಿಂದ ತಿರುವಬೇಕು. ನಾತ ಬಂದರೆ ನೀರು ಹೆಚ್ಚಾಗಿದೆ ಎಂದರ್ಥ, ಒಣ ಎಲೆ ಹಾಕಿ. ಎರಡು ತಿಂಗಳ ಆಸುಪಾಸಿನಲ್ಲಿ ಕರಿ ಮಣ್ಣಿನಂತಾಗುತ್ತದೆ, ಮೊದಲ ಮಳೆಯ ವಾಸನೆ ಬರುತ್ತದೆ. ಹಿತ್ತಲಿನ ತಿಪ್ಪೆ ಇದ್ದ ಕಾಲದಲ್ಲಿ ಇದನ್ನು ಯಾರೂ ಉಪನ್ಯಾಸ ಮಾಡಬೇಕಿರಲಿಲ್ಲ. ಒಣ ಕಸದಲ್ಲಿ ಹಾಲಿನ ಪಾಕೀಟು, ಬಾಟಲಿಗಳನ್ನು ತೊಳೆದು ಒಣಗಿಸಿ, ರದ್ದಿ ಕಾಗದವನ್ನು ಒದ್ದೆಯಾಗದಂತೆ ಇಟ್ಟು ಗುಜರಿಯವರಿಗೆ ಕೊಡುತ್ತೇವೆ. ಲಾಕ್‌ಡೌನಿನಲ್ಲಿ ಗುಜರಿ ಅಂಗಡಿಗಳು ಮುಚ್ಚಿ, ಆಯುವವರ ಹೊಟ್ಟೆಗೆ ಪೆಟ್ಟು ಬಿತ್ತು. ಶುಚಿಯಾದ ಒಣ ಕಸವೆಂದರೆ ಅವರ ಒಂದು ಹೊತ್ತಿನ ಊಟ. ನಮ್ಮ ಹನ್ನೊಂದು ಮನೆಗಳಲ್ಲಿ ಮೂರು ಮನೆಯವರು ನಡುವೆ ಬಿಟ್ಟರು, ಒಬ್ಬರು ಮತ್ತೆ ಶುರು ಮಾಡಿದ್ದಾರೆ. ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ.

ಕೊನೆಯ ಮಾತು, ಪೂಜ್ಯರ ಕ್ಷಮೆ ಬೇಡಿ. ಮಠದ ದಾಸೋಹದ ಹಿಂದಿನ ಬಾಗಿಲಿಗೆ ಒಮ್ಮೆ ಹೋಗಿ ಬನ್ನಿ. ಸೋಂಕಿನ ಅಂಜಿಕೆಯಲ್ಲಿ ಪ್ರಸಾದವನ್ನು ಪೊಟ್ಟಣ ಕಟ್ಟಿ ಕೊಟ್ಟೆವು, ಅದು ಆಗ ಬೇಕಾಗಿತ್ತು. ಆದರೆ ಬಳಸಿ ಎಸೆಯುವ ತಟ್ಟೆ ಲೋಟಗಳು ಅಲ್ಲೇ ಉಳಿದುಬಿಟ್ಟವು. ಥರ್ಮೊಕೋಲ್, ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ನಮ್ಮ ಸರ್ಕಾರ 2016ರ ಮಾರ್ಚ್‌ನಲ್ಲಿಯೇ ನಿಷೇಧಿಸಿದೆ. ಸ್ಟೀಲ್ ತಟ್ಟೆಯನ್ನು ಸೋಪು, ಬಿಸಿ ನೀರಿನಲ್ಲಿ ತೊಳೆದರೆ ವೈರಾಣು ಉಳಿಯುವುದಿಲ್ಲ. ಅದಾಗದ ಕಡೆ ಮುತ್ತುಗದ ಪತ್ರಾವಳಿ ಇದೆ, ಬಾಳೆ ಎಲೆ ಇದೆ. ತಟ್ಟೆ ತೊಳೆಯಲು ಆಳು ಸಿಗುವುದಿಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೆ: ಉಂಡವರು ತಮ್ಮ ತಟ್ಟೆ ತಾವೇ ತೊಳೆಯಲಿ. ಪ್ರತಿ ಸೋಮವಾರ ಅಕ್ಕನ ಬಳಗ ಆ ಸೇವೆಗೆ ನಿಲ್ಲುತ್ತದೆ. ಅಣ್ಣಂದಿರೂ ಬರಬೇಕು, ಕಸಬರಿಗೆಗೆ ಹೆಣ್ಣು ಗಂಡೆಂಬ ಭೇದವಿಲ್ಲ.

ಇಂದು ಮನೆಗೆ ಹೋದವರು ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ಕಸದ ಗಾಡಿ ಬಂದಾಗ ನೀವೇ ಬಾಗಿಲಿಗೆ ಹೋಗಿ, ಬೇರೆ ಮಾಡಿದ ಕಸವನ್ನು ಕೈಯಾರೆ ಕೊಡಿ. ಅವರ ಹೆಸರು ಕೇಳಿ. ‘ಶರಣು’ ಅನ್ನಿ. ನಾನು ಹಾಗೆಂದಾಗ ಆ ತಾಯಿ ಮೊದಲ ದಿನ ಗಾಬರಿಯಾದರು. ಈಗ ಅವರೇ ಮೊದಲು ‘ಶರಣ್ರಿ ಅಕ್ಕಾರ’ ಅನ್ನುತ್ತಾರೆ. ಗಂಟು ಬಿಚ್ಚಿ ನೋಡುವ ಕೆಲಸ ಅವರಿಗೆ ನಮ್ಮ ಮನೆಯ ಬಾಗಿಲಲ್ಲಿ ಈಗ ಇಲ್ಲ.