ಬಯಾಸ್ ಸೆಟ್ ಆಗ್ತಿಲ್ವಾ? ಸ್ಕ್ರೂ ಬಿಡಿ, ಮೊದಲು ಅಳೆಯಿರಿ

ಇವತ್ತು ಹಳೆಯ ಸ್ಟೀರಿಯೋ ರಿಸೀವರ್‌ಗಳ ಬಯಾಸ್ ಬಗ್ಗೆ ಮಾತಾಡೋಣ. 1970ರ ದಶಕದ ಪಯೋನೀರ್, ಮರಾಂಟ್ಜ್, ಸಾನ್ಸುಯಿ ಸೆಟ್‌ಗಳು ನಮ್ಮಲ್ಲಿ ಕೆಲವರ ಮನೆಯಲ್ಲಿವೆ. ಒಂದಷ್ಟು ಗಲ್ಫ್‌ನಲ್ಲಿದ್ದ ನೆಂಟರ ಜೊತೆ ಬಂದವು, ಒಂದಷ್ಟು ಮುಂಬೈನ ಚೋರ್ ಬಜಾರ್‌ನಲ್ಲಿ ಸಿಕ್ಕವು. ಸರ್ವಿಸ್ ಮ್ಯಾನುಯಲ್ ಇಂಟರ್ನೆಟ್‌ನಲ್ಲಿ ಸಿಗುತ್ತೆ. ಅದರಲ್ಲಿ "ಈ ಟ್ರಿಮ್‌ಪಾಟ್ ತಿರುಗಿಸಿ, ಇಷ್ಟು ಮಿಲಿವೋಲ್ಟ್‌ಗೆ ತನ್ನಿ" ಅಂತ ಒಂದೇ ಸಾಲು ಇರುತ್ತೆ. ತಿರುಗಿಸಿದರೂ ಆ ಸಂಖ್ಯೆ ಬರದಿದ್ದರೆ ಏನು ಮಾಡ್ಬೇಕು? ಅದೇ ಇವತ್ತಿನ ವಿಷಯ.

ನನ್ನ ಉತ್ತರ ಇಷ್ಟೇ: ಬಯಾಸ್ ಸೆಟ್ ಆಗದಿರೋದು ರೋಗ ಅಲ್ಲ, ರೋಗಲಕ್ಷಣ. ಟ್ರಿಮ್‌ಪಾಟ್ ಮುಟ್ಟೋದು ಕೊನೆಯ ಹೆಜ್ಜೆ.

ಮೊದಲು, ಬಯಾಸ್ ಯಾಕೆ ಬೇಕು ಅಂತ ನೋಡೋಣ. ಔಟ್‌ಪುಟ್‌ನಲ್ಲಿ ಎರಡು ಟ್ರಾನ್ಸಿಸ್ಟರ್‌ಗಳು ಕೆಲಸ ಹಂಚಿಕೊಂಡಿರುತ್ತವೆ. ಒಂದು ಅಲೆಯ ಮೇಲಿನ ಅರ್ಧ ನೋಡಿಕೊಂಡರೆ ಇನ್ನೊಂದು ಕೆಳಗಿನ ಅರ್ಧ. ಸಿಲಿಕಾನ್ ಟ್ರಾನ್ಸಿಸ್ಟರ್ ಎಚ್ಚರವಾಗೋಕೆ ಸುಮಾರು 0.6 ವೋಲ್ಟ್ ಬೇಕು. ಆ ವೋಲ್ಟೇಜ್ ಮೊದಲೇ ಕೊಟ್ಟಿಲ್ಲ ಅಂದ್ರೆ ಕೆಲಸ ಒಂದರಿಂದ ಇನ್ನೊಂದಕ್ಕೆ ದಾಟುವಾಗ ನಡುವೆ ಖಾಲಿ ಜಾಗ ಉಳಿಯುತ್ತೆ. ಕಡಿಮೆ ವಾಲ್ಯೂಮ್‌ನಲ್ಲಿ ಹಾಡು ಗರಗರ ಅನ್ನೋದು ಇದೇ ಕಾರಣಕ್ಕೆ. ಹಾಗಾಗಿ ಹಾಡು ಇಲ್ಲದಾಗಲೂ ಸ್ವಲ್ಪ ಕರೆಂಟ್ ಹರಿಯುವಂತೆ ಇಟ್ಟಿರ್ತಾರೆ. ಅದೇ ಬಯಾಸ್.

ಇಲ್ಲೊಂದು ಅಪಾಯ ಇದೆ. ಬಿಸಿ ಒಂದು ಡಿಗ್ರಿ ಏರಿದರೆ ಆ 0.6 ವೋಲ್ಟ್ ಸುಮಾರು 2 ಮಿಲಿವೋಲ್ಟ್ ಇಳಿಯುತ್ತೆ. ಅಂದ್ರೆ ಅದೇ ವೋಲ್ಟೇಜ್‌ಗೆ ಹೆಚ್ಚು ಕರೆಂಟ್, ಅದರಿಂದ ಹೆಚ್ಚು ಬಿಸಿ, ಮತ್ತೆ ಹೆಚ್ಚು ಕರೆಂಟ್. ತಡೆಯದಿದ್ದರೆ ಟ್ರಾನ್ಸಿಸ್ಟರ್ ಸುಡುತ್ತೆ. ತಡೆಯೋಕೆ ಅಂತಲೇ ಹೀಟ್‌ಸಿಂಕ್‌ಗೆ ಅಂಟಿಕೊಂಡ ಒಂದು ಡಯೋಡ್ ಅಥವಾ ಸಣ್ಣ ಟ್ರಾನ್ಸಿಸ್ಟರ್ ಇರುತ್ತೆ. ಬಿಸಿ ಏರಿದಂತೆ ಅದು ಬಯಾಸ್ ಇಳಿಸುತ್ತೆ.

ಈಗ ಸೆಟ್ ತೆರೆಯೋಣ. ಅಮೆರಿಕದಿಂದ ಬಂದ ಸೆಟ್ ಆದರೆ ಹಿಂಭಾಗದಲ್ಲಿ ವೋಲ್ಟೇಜ್ ನೋಡಿ. 120 ವೋಲ್ಟ್ ಮಾತ್ರ ಅಂತಿದ್ದರೆ ನಮ್ಮ 230ಕ್ಕೆ ನೇರ ಹಾಕಬೇಡಿ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತೆ. ಅದನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರ್‌ನಲ್ಲಿ ಖಚಿತ ಮಾಡಿಕೊಂಡ ಮೇಲೇ ಕೈ ಹಾಕಿ. ಮೊದಲ ಸಲ ಆನ್ ಮಾಡುವಾಗ ಮೇನ್ಸ್‌ಗೆ ಸರಣಿಯಲ್ಲಿ 100 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಇರಲಿ. ಎಲ್‌ಇಡಿ ಬಲ್ಬ್ ನಡೆಯಲ್ಲ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಒಳ್ಳೆಯದು. ಪ್ರಖರವಾಗಿಯೇ ಉಳಿದರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ.

ಸ್ಪೀಕರ್ ಬಿಚ್ಚಿ, ವಾಲ್ಯೂಮ್ ಸೊನ್ನೆಗೆ ಇಡಿ. ಮೀಟರ್‌ಗೆ ಕ್ಲಿಪ್ ಇರುವ ವೈರ್ ಬಳಸಿ, ಸೆಟ್ ಆಫ್ ಇರುವಾಗಲೇ ಸಿಕ್ಕಿಸಿ. ಆನ್ ಇರುವಾಗ ಪ್ರೋಬ್ ಜಾರಿ ಎರಡು ಕಾಲು ಮುಟ್ಟಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಕ್ಷಣದಲ್ಲಿ ಹೋಗುತ್ತೆ.

ಮೊದಲ ಅಳತೆ ಬಯಾಸ್ ಅಲ್ಲ, ಡಿಸಿ ಆಫ್‌ಸೆಟ್. ಎರಡು ಎಮಿಟರ್ ರೆಸಿಸ್ಟರ್‌ಗಳು ಸೇರುವ ಬಿಂದುವಿನಿಂದ ಗ್ರೌಂಡ್‌ಗೆ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಸಾಕು. ಅಲ್ಲಿ ವೋಲ್ಟ್‌ಗಟ್ಟಲೆ ಇದ್ದರೆ ಬಯಾಸ್ ವಿಷಯ ಬದಿಗಿಟ್ಟು ಮೊದಲು ಅದನ್ನು ಸರಿಮಾಡಿ. ಇನ್‌ಪುಟ್‌ನ ಜೋಡಿ ಟ್ರಾನ್ಸಿಸ್ಟರ್‌ಗಳನ್ನೂ ನೋಡಿ. ಆ ಕಾಲದ ಪಯೋನೀರ್ ಸೆಟ್‌ಗಳಲ್ಲಿ ಬರುವ 2ಎಸ್‌ಎ726 ಇದಕ್ಕೆ ಹೆಸರುವಾಸಿ.

ಆಮೇಲೆ ಬಯಾಸ್. ಎಮಿಟರ್ ರೆಸಿಸ್ಟರ್‌ನ ಎರಡು ತುದಿಗಳ ನಡುವೆ ಅಳೆಯಿರಿ. ಓಮ್ಸ್ ಲಾ ಅಷ್ಟೇ: 0.5 ಓಮ್ ಮೇಲೆ 20 ಮಿಲಿವೋಲ್ಟ್ ಇದ್ದರೆ 40 ಮಿಲಿಆಂಪ್. ಮ್ಯಾನುಯಲ್ ಒಂದು ರೆಸಿಸ್ಟರ್ ಮೇಲೆ ಹೇಳ್ತಿದೆಯೋ ಎರಡರ ಮೇಲೆ ಹೇಳ್ತಿದೆಯೋ ಗಮನಿಸಿ, ಇಲ್ಲಾಂದ್ರೆ ಲೆಕ್ಕ ಎರಡು ಪಟ್ಟು ತಪ್ಪುತ್ತೆ.

ಈಗ ಮೂರು ಸನ್ನಿವೇಶ.

ಒಂದು, ಎಷ್ಟು ತಿರುಗಿಸಿದರೂ ಸೊನ್ನೆ. ಆಗ ಡ್ರೈವರ್ ಟ್ರಾನ್ಸಿಸ್ಟರ್‌ಗಳ ಬೇಸ್‌ನಿಂದ ಬೇಸ್‌ಗೆ ಅಳೆಯಿರಿ. ಬಹಳಷ್ಟು ಸೆಟ್‌ಗಳಲ್ಲಿ ಅಲ್ಲಿ ನಾಲ್ಕು ಜಂಕ್ಷನ್ ಇರೋದ್ರಿಂದ ಸುಮಾರು 2.2 ವೋಲ್ಟ್ ಬರಬೇಕು. ವೋಲ್ಟೇಜ್ ಸರಿಯಿದ್ದೂ ಕರೆಂಟ್ ಇಲ್ಲ ಅಂದ್ರೆ ಡ್ರೈವರ್, ಔಟ್‌ಪುಟ್ ಅಥವಾ ಎಮಿಟರ್ ರೆಸಿಸ್ಟರ್ ಓಪನ್ ಆಗಿದೆ. ವೋಲ್ಟೇಜೇ ಕಡಿಮೆ ಇದ್ದರೆ ತೊಂದರೆ ಬಯಾಸ್ ಸರ್ಕ್ಯೂಟ್‌ನಲ್ಲಿದೆ.

ಎರಡು, ಕರೆಂಟ್ ಜಾಸ್ತಿ, ಇಳಿಯೋದೇ ಇಲ್ಲ. ಇದು ಅಪಾಯದ ಸ್ಥಿತಿ, ಹೆಚ್ಚು ಹೊತ್ತು ಆನ್ ಇಡಬೇಡಿ. ಬೇಸ್‌ಗಳ ನಡುವಿನ ವೋಲ್ಟೇಜ್ ಕೂಡ ಜಾಸ್ತಿ ಇದ್ದರೆ ಬಯಾಸ್ ಡಯೋಡ್ ಅಥವಾ ಟ್ರಿಮ್‌ಪಾಟ್ ಒಳಗೆ ಸಂಪರ್ಕ ಕಡಿದಿದೆ. ವೋಲ್ಟೇಜ್ ಕಡಿಮೆ ಇದ್ದೂ ಕರೆಂಟ್ ಜಾಸ್ತಿ ಅಂದ್ರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸೋರ್ತಿದೆ.

ಮೂರು, ಸೆಟ್ ಆಗುತ್ತೆ, ನಿಲ್ಲಲ್ಲ. ಮುಟ್ಟಿದಾಗ ಜಿಗಿದರೆ ಟ್ರಿಮ್‌ಪಾಟ್‌ಗೆ ಕಿಲುಬು ಹಿಡಿದಿದೆ, ಇಲ್ಲವೇ ಬೆಸುಗೆ ಬಿರುಕು ಬಿಟ್ಟಿದೆ. ಬಿಸಿಯಾದಂತೆ ಏರುತ್ತಲೇ ಹೋದರೆ ಹೀಟ್‌ಸಿಂಕ್ ಮೇಲಿನ ಸೆನ್ಸರ್ ನೋಡಿ. ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿರಬಹುದು, ಸೆನ್ಸರ್ ಸಡಿಲ ಆಗಿರಬಹುದು.

ಸಾಫ್ಟ್‌ವೇರ್‌ನಲ್ಲಿ ಬಗ್ ಹುಡುಕುವಾಗ ಸರಿಯಾಗಿ ನಡೆಯೋ ಹಳೇ ವರ್ಷನ್ ಜೊತೆ ಹೋಲಿಸ್ತೀವಿ. ಸ್ಟೀರಿಯೋದಲ್ಲಿ ಆ ಅನುಕೂಲ ಪುಕ್ಕಟೆ ಇದೆ. ಎಡ, ಬಲ ಎರಡೂ ಒಂದೇ ಸರ್ಕ್ಯೂಟ್. ಚೆನ್ನಾಗಿರೋ ಚಾನೆಲ್‌ನಲ್ಲಿ ಪ್ರತಿ ಬಿಂದುವಿನ ವೋಲ್ಟೇಜ್ ಬರೆದುಕೊಳ್ಳಿ, ಕೆಟ್ಟ ಚಾನೆಲ್‌ನಲ್ಲಿ ಅದೇ ಬಿಂದುಗಳನ್ನು ಅಳೆಯಿರಿ. ಮೊದಲು ಎಲ್ಲಿ ಬೇರೆಯಾಗುತ್ತೋ ಅಲ್ಲಿಂದ ಹುಡುಕಿ. ಎರಡೂ ಒಂದೇ ರೀತಿ ಕೆಟ್ಟಿದ್ದರೆ ಪವರ್ ಸಪ್ಲೈ ಕಡೆ ಹೋಗಿ.

ಟ್ರಿಮ್‌ಪಾಟ್ ಬದಲಿಸೋದಾದರೆ ಮುಚ್ಚಿದ ಮಲ್ಟಿಟರ್ನ್ ಹಾಕಿ, ಆನ್ ಮಾಡುವ ಮೊದಲೇ ಅತಿ ಕಡಿಮೆ ಕರೆಂಟ್ ಕಡೆ ತಿರುಗಿಸಿಡಿ. ಆ ಕಡೆ ಯಾವುದು ಅಂತ ಊಹಿಸಬೇಡಿ. ಕೆಲವು ಸರ್ಕ್ಯೂಟ್‌ಗಳಲ್ಲಿ ಓಮ್ ಹೆಚ್ಚಾದರೆ ಕರೆಂಟ್ ಏರುತ್ತೆ, ಕೆಲವುಗಳಲ್ಲಿ ಇಳಿಯುತ್ತೆ. ಸ್ಕೀಮ್ಯಾಟಿಕ್ ನೋಡಿಯೇ ನಿರ್ಧರಿಸಿ. ಕೊನೆಯ ಹೊಂದಾಣಿಕೆ ಬಲ್ಬ್ ತೆಗೆದ ಮೇಲೆ, ಸೆಟ್ 15 ನಿಮಿಷ ಬಿಸಿಯಾದ ಮೇಲೆ ಮಾಡಿ. ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ನೋಡಿ.

ಇಷ್ಟೆಲ್ಲ ಜೋಪಾನ ಯಾಕೆ? ಟ್ರಿಮ್‌ಪಾಟ್, ರೆಸಿಸ್ಟರ್‌ಗಳು ಮುಂಬೈನ ಲ್ಯಾಮಿಂಗ್ಟನ್ ರೋಡ್‌ನಲ್ಲೋ ಚೆನ್ನೈನ ರಿಚಿ ಸ್ಟ್ರೀಟ್‌ನಲ್ಲೋ ಸಿಕ್ಕಿಬಿಡುತ್ತವೆ. ಆದರೆ ಆ ಕಾಲದ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ತಯಾರಿಕೆ ನಿಂತು ಬಹಳ ಕಾಲವಾಯ್ತು, ಅದೇ ನಂಬರ್ ಹೊತ್ತ ನಕಲಿಗಳು ಬೇಕಾದಷ್ಟಿವೆ. ಸುಮಾರು ಐವತ್ತು ವರ್ಷ ಬಾಳಿದ ಸೆಟ್ ಅರ್ಧ ಸುತ್ತು ಸ್ಕ್ರೂಗೆ ಬಲಿಯಾಗೋದು ಬೇಡ.

ನಿಮ್ಮ ಸೆಟ್‌ನ ಎರಡೂ ಚಾನೆಲ್‌ಗಳ ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಯಾರು ರಿಪೇರಿ ಮಾಡಿದರೂ ಅದು ಕೆಲಸಕ್ಕೆ ಬರುತ್ತೆ.