ಬಡಿಯಬಹುದು, ಬಡಿಯಲಾರದು

ಇಂಗ್ಲಿಷ್ ಪಾಠದ ಮೇ, ಮೈಟ್, ಮಸ್ಟ್, ಕಾಂಟ್‌ಗಳನ್ನು ಉರು ಹೊಡೆದು ಬೇಸರವಾಗಿದೆಯೇ? ಹಾಗಾದರೆ ಅವನ್ನು ಸ್ವಲ್ಪ ಹೊತ್ತು ಆಕಾಶಕ್ಕೆ ಕರೆದೊಯ್ಯೋಣ. ಅಲ್ಲಿ ಅಪೋಫಿಸ್ ಎಂಬ ಕ್ಷುದ್ರಗ್ರಹವೊಂದು ಸೂರ್ಯನನ್ನು ಸುತ್ತುತ್ತಿದೆ. ಸುಮಾರು 340 ಮೀಟರ್ ಅಗಲದ ಬಂಡೆ ಅದು.

2004ರ ಜೂನ್ 19ರಂದು ಅಮೆರಿಕದ ಅರಿಜೋನಾದಲ್ಲಿರುವ ಕಿಟ್ ಪೀಕ್ ಬೆಟ್ಟದ ದೂರದರ್ಶಕಕ್ಕೆ ಅದು ಮೊದಲು ಸಿಕ್ಕಿತು. ಸಿಕ್ಕಿದ್ದೇ ತಡ, ಕೈತಪ್ಪಿಯೂ ಹೋಯಿತು. ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದಿಂದ ನೋಡುತ್ತಿದ್ದವರಿಗೆ ಮತ್ತೆ ಕಂಡಿತು. ದಾರಿಯ ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುವ ಉತ್ತರ: 2029ರ ಏಪ್ರಿಲ್ 13ರಂದು ಇದು ಭೂಮಿಗೆ ಬಡಿಯಬಹುದು!

ಈ ‘ಬಹುದು’ ಇದೆಯಲ್ಲ, ಅದೇ ಇಂಗ್ಲಿಷಿನ ಮೈಟ್. ಮೇ ಎಂದರೂ ನಡೆಯುತ್ತದೆ. ಮೈಟ್‌ನಲ್ಲಿ ಅನುಮಾನ ಒಂದು ಚಿಟಿಕೆ ಹೆಚ್ಚು. ಆದರೆ ಎಷ್ಟು ‘ಬಹುದು’? ಅದನ್ನು ಪದ ಹೇಳುವುದಿಲ್ಲ. ಅದಕ್ಕೇ ವಿಜ್ಞಾನಿಗಳು ಪಕ್ಕದಲ್ಲಿ ಒಂದು ಅಂಕಿಯನ್ನೂ ಇಡುತ್ತಾರೆ. ಮೊದಲು ಹೇಳಿದ್ದು, 300ರಲ್ಲಿ ಒಂದು ಪಾಲು. ಕೆಲವೇ ದಿನಗಳಲ್ಲಿ ಅದು 37ರಲ್ಲಿ ಒಂದಾಯಿತು, ಅಂದರೆ ಶೇ 2.7.

ನೋಡಿದಷ್ಟೂ ಭಯ ಹೆಚ್ಚಿತಲ್ಲ, ಇದೇನು ವಿಚಿತ್ರ? ನೆಲದ ಮೇಲೆ ದೊಡ್ಡ ಚಾಪೆ ಹಾಸಿ, ಅಂಚಿನ ಹತ್ತಿರ ಒಂದು ಗೋಲಿ ಇಡಿ. ಬಂಡೆ ಆ ದಿನ ಎಲ್ಲೆಲ್ಲಿ ಇರಬಹುದೋ ಅಷ್ಟೂ ಜಾಗ ಈ ಚಾಪೆ, ಗೋಲಿಯೇ ಭೂಮಿ. ಹೊಸ ಅಳತೆ ಬಂದಂತೆಲ್ಲ ಚಾಪೆಯನ್ನು ಎದುರು ಬದಿಯಿಂದ ಕತ್ತರಿಸುತ್ತಾ ಬನ್ನಿ. ಚಾಪೆ ಚಿಕ್ಕದಾಯಿತು, ಗೋಲಿ ಇನ್ನೂ ಅದರ ಮೇಲೆಯೇ ಇದೆ. ಹಾಗಾಗಿ ಉಳಿದ ಚಾಪೆಯಲ್ಲಿ ಗೋಲಿಯ ಪಾಲು ದೊಡ್ಡದಾಗುತ್ತದೆ. ಕೊನೆಗೊಮ್ಮೆ ಗೋಲಿಯಿರುವ ಅಂಚನ್ನೇ ಕತ್ತರಿಸಿದಾಗ ಆ ಪಾಲು ಒಮ್ಮೆಲೇ ಸೊನ್ನೆ.

ಆ ಅಂಚನ್ನು ಕತ್ತರಿಸಿದ್ದು ಮಸ್ಟ್. ಬಾಗಿಲಲ್ಲಿ ಅಜ್ಜಿಯ ಚಪ್ಪಲಿ ಕಾಣದಿದ್ದರೆ ‘ದೇವಸ್ಥಾನಕ್ಕೆ ಹೋಗಿರಬೇಕು’ ಅನ್ನುತ್ತೀರಲ್ಲ, ಆ ‘ಬೇಕು’. (ಹೋಂವರ್ಕ್ ಮಾಡಲೇಬೇಕು ಎನ್ನುವ ಬೇಕು ಬೇರೆ, ಅದಕ್ಕೂ ಮಸ್ಟ್ ಬರುತ್ತದೆ, ಏನು ಮಾಡುವುದು!) ಬಂಡೆ ಈ ದಾರಿಯಲ್ಲೇ ಬಂದಿದ್ದರೆ, 2004ರ ಮಾರ್ಚ್‌ನಲ್ಲಿ ಆಕಾಶದ ಇಂಥ ಮೂಲೆಯಲ್ಲಿ ಇದ್ದಿರಬೇಕು. ಆ ಮೂಲೆಯ ಚಿತ್ರ ಯಾರಾದರೂ ತೆಗೆದಿದ್ದಾರೆಯೇ? ಅರಿಜೋನಾದ ಸ್ಪೇಸ್‌ವಾಚ್ ತಂಡದ ಹಳೆಯ ಕಡತದಲ್ಲಿ ಮಾರ್ಚ್ 15ರ ಚಿತ್ರಗಳು ಸಿಕ್ಕವು. ಯಾರ ಗಮನಕ್ಕೂ ಬಾರದ ಮಸುಕು ಚುಕ್ಕೆ ಅಲ್ಲೇ ಕೂತಿತ್ತು! ದಾರಿಯ ಲೆಕ್ಕ ಗಟ್ಟಿಯಾಯಿತು. 2029ರಲ್ಲಿ ಅದು ಬಡಿಯಲಾರದು.

ಈ ‘ಲಾರದು’ ಕಾಂಟ್. ಇಲ್ಲಿ ಮಸ್ಟ್ ನಾಟ್ ಎಂದು ಬರೆದುಬಿಟ್ಟೀರಿ, ಜೋಕೆ. ಅದು ‘ಬಡಿಯಕೂಡದು’ ಎಂದು ಬಂಡೆಗೆ ಅಪ್ಪಣೆ ಕೊಟ್ಟಂತೆ. ಬಂಡೆಗಳು ಅಪ್ಪಣೆ ಕೇಳುವುದಿಲ್ಲ.

2036, 2068ರ ಹೆಸರಲ್ಲಿ ಒಂದೆರಡು ಸಣ್ಣ ಮೈಟ್‌ಗಳು ಆಮೇಲೂ ಉಳಿದುಕೊಂಡಿದ್ದವು. 2036ರದು 2013ರಲ್ಲೇ ಹೋಯಿತು. 2021ರ ಮಾರ್ಚ್‌ನಲ್ಲಿ ರೇಡಾರ್ ಅಲೆಗಳನ್ನು ಬಂಡೆಗೆ ತಾಗಿಸಿ ಅಳೆದ ಮೇಲೆ 2068ರದೂ ಹೋಯಿತು. ಮುಂದಿನ 100 ವರ್ಷವಂತೂ ಅಪೋಫಿಸ್‌ನಿಂದ ನಮಗೆ ಅಪಾಯವಿಲ್ಲ.

ಈಗ ವಿಲ್‌ನ ಸರದಿ. 2029ರ ಏಪ್ರಿಲ್ 13, ಶುಕ್ರವಾರ, ಅದು ನೆಲದಿಂದ ಸುಮಾರು 32,000 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುತ್ತದೆ. ನಮ್ಮ ಟಿವಿ ಉಪಗ್ರಹಗಳು ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಬಂಡೆ ಅದಕ್ಕಿಂತಲೂ ಹತ್ತಿರ ಬರುತ್ತದೆ. ಭೂಮಿಯ ಸೆಳೆತಕ್ಕೆ ಅದರ ದಾರಿ ಬಾಗುವುದೂ ಖಚಿತ. ಆದರೆ ಅದು ತನ್ನ ಸುತ್ತ ತಾನೇ ಗಿರ್ರನೆ ತಿರುಗುವ ರೀತಿ? ಬದಲಾಗಬಹುದು. ಮೈಮೇಲಿನ ಸಡಿಲ ಕಲ್ಲುಗಳು? ಜಾರಬಹುದು, ಜಾರದೆಯೂ ಇರಬಹುದು. ಅದನ್ನು ನೋಡಲೆಂದೇ ಎಷ್ಟೋ ದೂರದರ್ಶಕಗಳು ಆ ದಿನ ಅತ್ತ ತಿರುಗಲಿವೆ.