ವಸ್ತಾದರ ಕರಾರು

(ಚಿಕ್ಕೋಡಿಯಲ್ಲಿ ಕ್ರೀಡಾಪ್ರಿಯರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಕಡೆಯ ಜಾತ್ರೆಗಳಲ್ಲಿ ಕುಸ್ತಿ ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಕಣದ ಒಳಗೆ ಒಂದು ಕುಸ್ತಿ ನಡೆದಿದ್ದರೆ ಕಣದ ಸುತ್ತ ಇನ್ನೊಂದು ನಡೆದಿರುತ್ತದೆ. ಒಳಗಿನದು ಇಬ್ಬರು ಪೈಲ್ವಾನರದು, ಹೊರಗಿನದು ನೋಡುವವರದು. ನಿಪ್ಪಾಣಿ ಇರಲಿ, ರಾಯಬಾಗ ಇರಲಿ, ಅಥಣಿ, ಕಾಗವಾಡ ಇರಲಿ, ಹಲಗಿಯ ಸದ್ದಿನ ನಡುವೆಯೂ ಈ ಎರಡನೆಯ ಕುಸ್ತಿಯ ಮಾತು ಕಿವಿಗೆ ಬೀಳದೆ ಇರುವುದಿಲ್ಲ. ನಾನು ಹುಡುಗನಿದ್ದಾಗ ಇಂಥದೊಂದು ಕಣದಲ್ಲಿ ನನ್ನ ಹಿಂದೆ ಕುಳಿತ ಇಬ್ಬರು ಆಡಿದ ಮಾತು ಇಂದಿಗೂ ನೆನಪಿದೆ.

“ಕಾಕಾ, ಹುಡುಗ ಬರೇ ಸುತ್ತು ಹೊಡ್ಯಾಕತ್ತಾನ. ಒಂದರೆ ಡಾವು ಹಾಕ್ಯಾನೇನು? ವಸ್ತಾದ ಏನ ಕಲಿಸ್ಯಾನ ಇವಗ? ಮುಂದಿನ ವರ್ಷ ಬ್ಯಾರೆ ವಸ್ತಾದನ್ನ ನೋಡ್ರಿ ಅಂತ ಪಂಚರಿಗೆ ಹೇಳಾಂವ ನಾ.”

“ತಮ್ಮಾ, ಆ ಹುಡುಗ ಮೂರು ತಿಂಗಳ ಜ್ವರದಾಗ ಮಲಗಿದ್ದ. ಅದು ನಿನಗ ಗೊತ್ತೈತೇನು?”

ಸುಮಾರು ಇದೇ ವಾದವನ್ನು 2023ರ ನವೆಂಬರಿನಲ್ಲಿ ಚಹಾದ ಅಂಗಡಿಗಳಲ್ಲಿ ಮತ್ತೆ ಕೇಳಿದೆ. ಈ ಸಲ ಮಾತು ಕ್ರಿಕೆಟ್ಟಿನದು. ವಿಶ್ವಕಪ್ಪಿನ ಫೈನಲ್ ಸೋತ ತಂಡದ ತರಬೇತುದಾರರನ್ನು ಮುಂದುವರಿಸಬೇಕೇ, ಅವರ ಜೊತೆಗಿದ್ದ ಬ್ಯಾಟಿಂಗ್ ತರಬೇತುದಾರರನ್ನು ಇಟ್ಟುಕೊಳ್ಳಬೇಕೇ ಎಂಬುದು ಚರ್ಚೆ. ಆಟ ಬದಲಾಗಿತ್ತು, ಪ್ರಶ್ನೆ ಬದಲಾಗಿರಲಿಲ್ಲ. ಆಡುವವನು ಮುನ್ನುಗ್ಗದಿದ್ದರೆ ಕಲಿಸಿದವನ ತಪ್ಪೇ? ಕಲಿಸುವವನನ್ನು ಯಾವ ತಕ್ಕಡಿಯಲ್ಲಿ ತೂಗಬೇಕು? ಇಂದು ನಿಮ್ಮೆದುರು ನಾನು ಹೇಳಬಯಸುವುದು ಈ ತಕ್ಕಡಿಯ ವಿಷಯ.

ಮೊದಲು ನಮ್ಮ ಮನೆಯ ಇತಿಹಾಸವನ್ನೇ ನೋಡೋಣ. ಈ ಭಾಗದ ಕುಸ್ತಿಯ ಬೇರು ಕೊಲ್ಲಾಪುರದಲ್ಲಿದೆ. 1894ರಿಂದ 1922ರವರೆಗೆ ಅಲ್ಲಿ ಆಳಿದ ಶಾಹು ಮಹಾರಾಜರು ಪೈಲ್ವಾನರಿಗೆ ಆಶ್ರಯ ಕೊಟ್ಟರು, ತಾಲೀಮುಗಳನ್ನು ಬೆಳೆಸಿದರು. 1902ರಲ್ಲಿ ಯುರೋಪಿಗೆ ಹೋಗಿದ್ದಾಗ ರೋಮಿನ ಹಳೆಯ ರಂಗಮಂಡಲವನ್ನು ಕಂಡು, ಅದರ ಮಾದರಿಯಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿದರು. 1912ರಲ್ಲಿ ಅದು ಪೂರ್ಣಗೊಂಡಿತು. ಎಲ್ಲಿ ಕುಳಿತರೂ ಕಣ ಕಾಣಬೇಕು ಎಂಬುದು ಅದರ ಲೆಕ್ಕಾಚಾರ. ನೋಡುವವನಿಗೂ ಆಟದಲ್ಲಿ ಪಾಲಿದೆ ಎಂಬುದನ್ನು ಅರಸನೇ ಒಪ್ಪಿಕೊಂಡಂತೆ ಆಯಿತಲ್ಲವೇ?

ಆ ಪರಂಪರೆಯಲ್ಲಿ ಬೆಳೆದವರು ಇದೇ ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದ ಶ್ರೀಪತಿ ಖಂಚನಾಳೆ. ಯಕ್ಸಂಬಾದಿಂದ ಕೊಲ್ಲಾಪುರದ ತಾಲೀಮಿಗೆ ಹೋದ ಅವರು 1959ರಲ್ಲಿ ದೆಹಲಿಯಲ್ಲಿ ಪಂಜಾಬಿನ ಬಂತಾ ಸಿಂಗರನ್ನು ಸೋಲಿಸಿ ಮೊಟ್ಟಮೊದಲ ಹಿಂದ್ ಕೇಸರಿಯಾದರು. 2020ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಹೆಸರು ನಮ್ಮಲ್ಲಿ ಹಿರಿಯರಿಗೆಲ್ಲ ಗೊತ್ತು. ಆದರೆ ಅವರಿಗೆ ಮೊದಲ ಡಾವು ಹೇಳಿಕೊಟ್ಟವರು ಯಾರೆಂದು ಕೇಳಿದರೆ ಎಷ್ಟು ಮಂದಿ ಉತ್ತರ ಹೇಳಿಯೇವು? ಗೆದ್ದಾಗ ಪೈಲ್ವಾನನ ಹೆಸರು, ಸೋತಾಗ ವಸ್ತಾದನ ಹೆಸರು. ಕಣದ ಸುತ್ತ ಕುಳಿತವರ ನ್ಯಾಯ ಹೀಗೆಯೇ ನಡೆದುಬಂದಿದೆ.

ವಸ್ತಾದ ಮಾಡುವ ಕೆಲಸವಾದರೂ ಏನು? ಬೆಳಗಿನ ಜಾವ ಹುಡುಗರನ್ನು ಎಬ್ಬಿಸಬೇಕು. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ನಿಂಬೆರಸ, ಅರಿಷಿಣ ಹಾಕಿ ಹದ ಮಾಡಿಸಬೇಕು. ದಂಡ, ಬಸ್ಕಿ ಎಣಿಸಬೇಕು. ಯಾರಿಗೆ ಹಾಲು ಸಾಲದು, ಯಾರ ಮನೆಯಲ್ಲಿ ತುಪ್ಪಕ್ಕೆ ಗತಿಯಿಲ್ಲ ಎಂಬುದನ್ನು ತಿಳಿದಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಯಾವ ಹುಡುಗನ ಮೈಗೆ ಯಾವ ಡಾವು ಒಗ್ಗುತ್ತದೆಂದು ಗುರುತಿಸಬೇಕು. ನಿಡುಕಾಲಿನವನಿಗೆ ಒಂದು, ಗಿಡ್ಡ ಮೈಯವನಿಗೆ ಇನ್ನೊಂದು. ಒಂದು ಧಾಕ್ ಹೊಡೆಯುವುದು ಕಣ್ಣು ಮಿಟುಕಿಸುವಷ್ಟರ ಕೆಲಸ. ಅದು ಮೈಗೂಡುವುದಕ್ಕೆ ಮಾತ್ರ ವರ್ಷಗಳು ಬೇಕು. ಜನ ಆ ಕ್ಷಣವನ್ನು ನೋಡುತ್ತಾರೆ, ವರ್ಷಗಳನ್ನು ನೋಡುವುದಿಲ್ಲ. ನೋಡಲು ಅವರಿಗೆ ಅವಕಾಶವೂ ಇರುವುದಿಲ್ಲ.

ಇನ್ನು ಸಂಬಳದ ಮಾತು. ಹಳ್ಳಿಯ ವಸ್ತಾದನಿಗೆ ಕಾಗದದ ಮೇಲಿನ ಕರಾರು ಎಂದೂ ಇರಲಿಲ್ಲ. ಶಿಷ್ಯರ ಮನೆಯ ಹಾಲು, ಜೋಳ, ಗೆದ್ದ ಇನಾಮಿನಲ್ಲಿ ಅವರು ಪ್ರೀತಿಯಿಂದ ಕೊಟ್ಟ ಪಾಲು, ಜಾತ್ರೆಯಲ್ಲಿ ಊರವರು ಸುತ್ತುವ ರುಮಾಲು, ಇಷ್ಟೇ ಅವನ ಗಳಿಕೆ. ಶಿಷ್ಯ ಗೆದ್ದರೆ ಕರಾರು ಮುಂದುವರಿಯಿತು, ಸೋತರೆ ಮುರಿಯಿತು.

ಮಣ್ಣಿನ ಕುಸ್ತಿ ಮ್ಯಾಟಿನ ಮೇಲೆ ಬಂದಾಗ ಕಲಿಸುವವನ ಸ್ಥಾನವೂ ಬದಲಾಯಿತು. ಇದಕ್ಕೆ ಖಾಶಾಬಾ ಜಾಧವರ ಕಥೆಯೇ ಸಾಕ್ಷಿ. ಕರಾಡದ ಹತ್ತಿರದ ಗೋಳೇಶ್ವರದವರು, ಕೊಲ್ಲಾಪುರದ ರಾಜಾರಾಮ ಕಾಲೇಜಿನ ವಿದ್ಯಾರ್ಥಿ. 1948ರ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಅವರಿಗೆ ಮ್ಯಾಟಿನ ರೂಢಿ ಇರಲಿಲ್ಲ. ಅಲ್ಲಿ ಅವರನ್ನು ತಿದ್ದಿದವರು ರೀಸ್ ಗಾರ್ಡ್ನರ್ ಎಂಬ ಅಮೆರಿಕದ ಹಳೆಯ ಕುಸ್ತಿಪಟು. ಜಾಧವ್ ಆ ಸಲ 6ನೆಯ ಸ್ಥಾನ ಪಡೆದರು. ಪದಕ ಬರಲಿಲ್ಲವೆಂದು ಅಲ್ಲಿಗೇ ಕೈಬಿಟ್ಟಿದ್ದರೆ ಕಥೆ ಮುಗಿಯುತ್ತಿತ್ತು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಹಣ ಸಾಲದೆ ಬಂದಾಗ ಕಾಲೇಜಿನ ಪ್ರಾಚಾರ್ಯ ಖರ್ಡೇಕರ್ ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಕೊಟ್ಟರು. ಜಾಧವ್ ಕಂಚಿನ ಪದಕ ತಂದರು. ಅದು ಸ್ವತಂತ್ರ ಭಾರತಕ್ಕೆ ದೊರೆತ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಕಲಿಕೆಗೆ ನಾಲ್ಕು ವರ್ಷ ಬೇಕಾಗಿತ್ತು, ಆ ನಾಲ್ಕು ವರ್ಷ ನಂಬಿಕೆ ಇಟ್ಟವರೂ ಬೇಕಾಗಿತ್ತು.

ಮ್ಯಾಟಿನ ಕುಸ್ತಿಯಲ್ಲಿ ನಿಯಮವೇ ಬೇರೆ. ನಮ್ಮ ನಿಕಾಲಿ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗುವ ತನಕ ಆಟ ನಡೆಯಬಹುದು. ಮ್ಯಾಟಿನ ಮೇಲೆ ಮೂರು ಮೂರು ನಿಮಿಷಗಳ ಎರಡು ಅವಧಿ, ಅಷ್ಟೇ. ಕೈ ಹಾಕದೆ ಕಾಲ ಕಳೆಯುವವನನ್ನು ಪಂಚರು ಎಚ್ಚರಿಸುತ್ತಾರೆ. ಆಮೇಲೂ ಅವನು ಅರ್ಧ ನಿಮಿಷದೊಳಗೆ ಅಂಕ ಗಳಿಸದಿದ್ದರೆ ಎದುರಾಳಿಗೆ ಅಂಕ ಹೋಗುವುದುಂಟು. ನನ್ನ ಹಿಂದೆ ಕುಳಿತಿದ್ದ ಆ ತಮ್ಮನ ಸಿಟ್ಟು ಈಗ ನಿಯಮದ ಪುಸ್ತಕವನ್ನೇ ಸೇರಿದೆ ಎನ್ನಬಹುದು! ಇಂಥ ಲೆಕ್ಕದ ಆಟಕ್ಕೆ ಓದಿದ ತರಬೇತುದಾರ ಬೇಕಾದ. 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾಗಿ ತರಬೇತುದಾರರನ್ನು ತಯಾರಿಸತೊಡಗಿತು. 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಮೊದಲ ವರ್ಷ ಅದನ್ನು ಪಡೆದವರಲ್ಲಿ ಕುಸ್ತಿಯ ಭಾಲಚಂದ್ರ ಭಾಗವತರೂ ಇದ್ದರು. ವಸ್ತಾದ ಹೀಗೆ ತರಬೇತುದಾರನಾದ. ಅವನಿಗೆ ಹುದ್ದೆ, ಸಂಬಳ, ಅವಧಿ, ಕರಾರು ಬಂದವು. ಕರಾರು ಬಂದ ಮೇಲೆ ಅದನ್ನು ಮುಂದುವರಿಸುವ ಪ್ರಶ್ನೆಯೂ ಬಂತು.

ಈಗ 2023ಕ್ಕೆ ಮರಳೋಣ. ಕರ್ನಾಟಕ ತಂಡದಲ್ಲಿ ಆಡಿ ಬೆಳೆದ ರಾಹುಲ್ ದ್ರಾವಿಡ್ ಆಗ ಭಾರತ ತಂಡದ ಮುಖ್ಯ ತರಬೇತುದಾರರು. ವಿಕ್ರಮ್ ರಾಠೋಡ್ 2019ರಿಂದ ಬ್ಯಾಟಿಂಗ್ ತರಬೇತುದಾರರು. ನವೆಂಬರ್ 15ರ ಸೆಮಿಫೈನಲ್‌ನಲ್ಲಿ ಭಾರತ ನ್ಯೂಜಿಲೆಂಡ್ ಎದುರು 397 ರನ್ ಹೊಡೆಯಿತು. 19ರಂದು ಅಹಮದಾಬಾದಿನ ಫೈನಲ್‌ನಲ್ಲಿ ಆಸ್ಟ್ರೇಲಿಯಾದ ಎದುರು 240ಕ್ಕೆ ಎಲ್ಲರೂ ಔಟಾದರು. ಮೊದಲ 10 ಓವರುಗಳಲ್ಲಿ 80 ರನ್ ಬಂದಿತ್ತು. ಉಳಿದ 40 ಓವರುಗಳಲ್ಲಿ ಚೆಂಡು ಬೌಂಡರಿ ಮುಟ್ಟಿದ್ದು ನಾಲ್ಕೇ ಸಲ. ಸತತ 10 ಪಂದ್ಯ ಗೆದ್ದ ತಂಡ ಹನ್ನೊಂದನೆಯದನ್ನು 6 ವಿಕೆಟ್ಟುಗಳಿಂದ ಸೋತಿತು.

ಹತ್ತು ದಿನಗಳ ಮೇಲೆ, ನವೆಂಬರ್ 29ರಂದು, ಕ್ರಿಕೆಟ್ ಮಂಡಳಿ ದ್ರಾವಿಡ್ ಮತ್ತು ಅವರ ಸಹಾಯಕರ ಒಪ್ಪಂದವನ್ನು ಮುಂದುವರಿಸಿತು. ಚಹಾದ ಅಂಗಡಿ ಎರಡು ಪಕ್ಷವಾಯಿತು. ಒಂದು ಪಕ್ಷದ ವಾದ ಹೀಗೆ: 2022ರ ಟಿ-20 ವಿಶ್ವಕಪ್ಪಿನ ಸೆಮಿಫೈನಲ್ ಸೋತೆವು, 2023ರ ಜೂನ್‌ನಲ್ಲಿ ಟೆಸ್ಟ್ ಫೈನಲ್ ಸೋತೆವು, ಈಗ ಇದನ್ನೂ ಸೋತೆವು, ದೊಡ್ಡ ದಿನದಂದು ಕೈಕಟ್ಟಿ ಆಡುವ ರೋಗಕ್ಕೆ ಮದ್ದು ಕಂಡುಹಿಡಿಯದವರಿಗೆ ಮತ್ತೇಕೆ ಅವಕಾಶ? ಇನ್ನೊಂದು ಪಕ್ಷದ್ದು: ನಾಲ್ಕು ದಿನದ ಹಿಂದೆ 397 ಹೊಡೆಸಿದವರು ಇವರೇ ತಾನೇ? ನಾಲ್ಕು ದಿನಗಳಲ್ಲಿ ಕಲಿಸುವುದನ್ನು ಮರೆತರೇ? ಎರಡೂ ವಾದಗಳಲ್ಲಿ ಹುರುಳಿದೆ. 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ಅದೇ ದ್ರಾವಿಡ್, ಅದೇ ರಾಠೋಡ್ ಇದ್ದ ತಂಡ ದಕ್ಷಿಣ ಆಫ್ರಿಕವನ್ನು 7 ರನ್ನುಗಳಿಂದ ಸೋಲಿಸಿ ಟಿ-20 ವಿಶ್ವಕಪ್ ಗೆದ್ದಿತು. ಆದರೆ 7 ರನ್ ಎಷ್ಟು ಸಣ್ಣ ಅಂತರ ನೋಡಿ. ಅದು ಆ ಕಡೆ ವಾಲಿದ್ದರೆ ಅದೇ ತರಬೇತುದಾರರು ಮತ್ತೆ ದಡ್ಡರಾಗುತ್ತಿದ್ದರಲ್ಲವೇ? ಒಂದು ದಿನದ ಫಲ ನೋಡಿ ವಸ್ತಾದನನ್ನು ಅಳೆಯಬಾರದೆಂಬುದಕ್ಕೆ ಗೆಲುವೂ ಸಾಕ್ಷಿ, ಸೋಲೂ ಸಾಕ್ಷಿ.

ಹಾಗಾದರೆ ಯಾರನ್ನೂ ಬದಲಿಸಲೇಬಾರದೇ? ಹಾಗಲ್ಲ. ಕಬಡ್ಡಿಯ ಬೆಂಗಳೂರು ಬುಲ್ಸ್ ತಂಡವನ್ನು ನೋಡಿ. ಪ್ರೊ ಕಬಡ್ಡಿ ಶುರುವಾದ 2014ರಿಂದ ರಣಧೀರ್ ಸಿಂಗ್ ಅದರ ತರಬೇತುದಾರರು. 2019ರ ಜನವರಿಯಲ್ಲಿ ತಂಡ ಪ್ರಶಸ್ತಿ ಗೆದ್ದಿತು. ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ ದಾಳಿಯಲ್ಲಿ 22 ಅಂಕ ತಂದರು. ಆದರೆ 2024ರ ಋತುವಿನಲ್ಲಿ ಅದೇ ತಂಡ 22 ಪಂದ್ಯಗಳಲ್ಲಿ ಗೆದ್ದದ್ದು ಎರಡೇ, ನಿಂತದ್ದು ಕೊನೆಯ ಸ್ಥಾನದಲ್ಲಿ. ಆಮೇಲೆ ಹೊಣೆ ಬಿ.ಸಿ. ರಮೇಶ್ ಅವರಿಗೆ ಬಂತು. 2001ರ ಅರ್ಜುನ ಪ್ರಶಸ್ತಿ ಪಡೆದ ಕನ್ನಡಿಗ ಆಟಗಾರರು ಅವರು. 2019ರಲ್ಲಿ ಗೆದ್ದ ತಂಡದ ತರಬೇತಿ ಬಳಗದಲ್ಲಿಯೂ ಇದ್ದವರು. ಹತ್ತು ವರ್ಷ ಅವಕಾಶ ಕೊಟ್ಟು, ಇಡೀ ಋತುವನ್ನು ನೋಡಿ, ಆಮೇಲೆ ಬದಲಿಸಿದರೆ ಅದನ್ನು ಅನ್ಯಾಯವೆನ್ನಲಾಗದು. ವಸ್ತಾದನೂ ಲೆಕ್ಕ ಒಪ್ಪಿಸಬೇಕಾದವನೇ.

ನನಗೆ ತೋಚಿದ ತಕ್ಕಡಿ ಮೂರು ಪ್ರಶ್ನೆಗಳದು. ಒಂದು, ಕಲಿಸುವವನಿಗೆ ಕೊಟ್ಟದ್ದೇನು? ಎಂಥ ಹುಡುಗರು, ಎಷ್ಟು ಕಾಲ, ಎಷ್ಟು ಅನ್ನ? ಜ್ವರದಿಂದ ಎದ್ದ ಹುಡುಗನನ್ನು ಕಣಕ್ಕೆ ಬಿಟ್ಟು ವಸ್ತಾದನನ್ನು ಬೈದರೆ ನ್ಯಾಯವಲ್ಲ. ಎರಡು, ಅವನ ಕೈಯಲ್ಲಿ ಇದ್ದದ್ದೆಷ್ಟು? ಆಟಗಾರರನ್ನು ಆರಿಸುವವರು ಒಬ್ಬರು, ಹಣ ಹಾಕುವವರು ಒಬ್ಬರು, ತಂತ್ರ ನಿರ್ಧರಿಸುವವರು ಇನ್ನೊಬ್ಬರು. ಸಹಾಯಕನ ಪಾಲಿಗೆ ಅಧಿಕಾರ ಕಡಿಮೆ, ಬೈಗುಳ ಮಾತ್ರ ಪೂರ್ತಿ. ಮೂರು, ಅವನ ಕೈಗೆ ಬಂದಾಗ ಮಾಡಲಾಗದ ಯಾವುದನ್ನು ಶಿಷ್ಯ ಈಗ ಮಾಡಬಲ್ಲ? ಅಂಕಪಟ್ಟಿ ಇದನ್ನು ಹೇಳುವುದಿಲ್ಲ. ಎರಡು ಮೂರು ವರ್ಷ ಕಣ್ಣಿಟ್ಟು ನೋಡಿದ ಅಭಿಮಾನಿಗಳು ಮಾತ್ರ ಹೇಳಬಲ್ಲರು.

ಸಹಾಯಕರ ಮಾತು ಬಂದದ್ದರಿಂದ ಒಂದು ಘಟನೆ ನೆನಪಾಗುತ್ತದೆ. 2018ರಲ್ಲಿ ದ್ರಾವಿಡ್ ತರಬೇತಿಯ 19 ವರ್ಷದೊಳಗಿನವರ ತಂಡ ವಿಶ್ವಕಪ್ ಗೆದ್ದಾಗ ಮಂಡಳಿ ಅವರಿಗೆ 50 ಲಕ್ಷ, ಸಹಾಯಕರಿಗೆ ತಲಾ 20 ಲಕ್ಷ ರೂಪಾಯಿ ಘೋಷಿಸಿತು. ದುಡಿದವರೆಲ್ಲರಿಗೂ ಒಂದೇ ಸಮ ಆಗಬೇಕೆಂದರು ದ್ರಾವಿಡ್. ಕೊನೆಗೆ ಎಲ್ಲರಿಗೂ ತಲಾ 25 ಲಕ್ಷ ಎಂದಾಯಿತು. ತಮ್ಮ ಪಾಲು ಅರ್ಧವಾದರೂ ಸಹಾಯಕರ ಕೆಲಸಕ್ಕೆ ಬೆಲೆ ಬಂತು.

ಮಹನೀಯರೇ, ಕೋಟಿಗಳ ಕರಾರಿನ ಬಗ್ಗೆ ನಾವು ಗಂಟೆಗಟ್ಟಲೆ ವಾದಿಸುತ್ತೇವೆ. ಅದು ತಪ್ಪಲ್ಲ, ವಾದ ಮಾಡುವವರು ಇರುವ ತನಕ ಆಟ ಜೀವಂತ. ಆದರೆ ನಮ್ಮ ಊರಿನ ತಾಲೀಮಿನ ವಸ್ತಾದನ ಕರಾರಿನ ಬಗ್ಗೆ ವಾದಿಸುವವರು ಯಾರು? ಮಾಜಿ ಪೈಲ್ವಾನರಿಗೆ ಸರ್ಕಾರದ ಮಾಸಾಶನವಿದೆ, ನಿಜ. ಅದು ಅವರು ಆಡಿದ್ದಕ್ಕೆ. ಕಲಿಸುತ್ತಿರುವುದಕ್ಕೆ ಏನಿದೆ? ಹುರುಪಿರುವ ಹುಡುಗರು ಇಂದಿಗೂ ಗಂಟು ಕಟ್ಟಿಕೊಂಡು ಕೊಲ್ಲಾಪುರದ ಬಸ್ಸು ಹತ್ತುತ್ತಾರೆ. ಯಕ್ಸಂಬಾದ ಹುಡುಗ ಹಿಂದ್ ಕೇಸರಿಯಾದದ್ದು ನಮಗೆ ಹೆಮ್ಮೆ. ಆಗಲು ಊರು ಬಿಟ್ಟೇ ಹೋಗಬೇಕಾಯಿತೆಂಬುದನ್ನೂ ನಾವು ಮರೆಯಬಾರದು.

ನನ್ನ ಸೂಚನೆ ಸಣ್ಣದು. ಜಾತ್ರೆಯಲ್ಲಿ ಮೊದಲ ನಂಬರಿನ ಕುಸ್ತಿಗೆ ಹೊರಗಿನ ದೊಡ್ಡ ಪೈಲ್ವಾನರನ್ನು ಕರೆಸಲು ನಾವು ಪಟ್ಟಿ ಎತ್ತುತ್ತೇವೆ. ಅದರಲ್ಲಿ ಒಂದು ಪಾಲನ್ನು ಊರ ವಸ್ತಾದನಿಗೆ ತೆಗೆದಿಡೋಣ. ಬಾಯಿಮಾತಿನಲ್ಲಿ ಬೇಡ, ಕಾಗದದ ಮೇಲೆ, ಮೂರು ವರ್ಷಕ್ಕೆ. ಮೂರು ವರ್ಷದ ಮೇಲೆ ಕಣದ ಸುತ್ತ ಕುಳಿತು, ಆ ಮೂರು ಪ್ರಶ್ನೆಗಳನ್ನು ಕೇಳಿ, ಕರಾರು ಮುಂದುವರಿಸಬೇಕೋ ಬೇಡವೋ ಎಂದು ಬೇಕಾದಷ್ಟು ಜಗಳಾಡೋಣ. ಆಗ ನಮ್ಮ ಜಗಳಕ್ಕೂ ಒಂದು ಅರ್ಥ ಬರುತ್ತದೆ.

ನಾನು ಹುಡುಗನಿದ್ದಾಗ ನೋಡಿದ ಆ ಕುಸ್ತಿ ಕೊನೆಗೆ ಬರಾಬರಿ ಆಯಿತು. ವಸ್ತಾದ ಏನೂ ಮಾತಾಡದೆ ಹುಡುಗನ ಬೆನ್ನ ಮೇಲಿನ ಮಣ್ಣು ಒರೆಸಿ ಕರೆದುಕೊಂಡು ಹೋದ. ಮುಂದಿನ ವರ್ಷವೂ ಅವನೇ ಬಂದ. ಪಂಚರು ಅವನನ್ನು ಉಳಿಸಿಕೊಂಡರು ಎಂದಲ್ಲ, ಆ ಕೆಲಸಕ್ಕೆ ಬೇರೆ ಯಾರೂ ಇರಲಿಲ್ಲ.